ಕಿರ್ದಿಗೆ ಬರದ ತತ್ತಿ

ಬ್ಯಾಡಗಿ ಪೇಟ್ಯಾಗ ಮೆಣಸಿನಕಾಯಿ ದಲಾಲಿ ಅಂಗಡಿ,
ಹತ್ತೊಂಬತ್ತು ವರ್ಷದ ಗುಮಾಸ್ತ ನಾನು.
ಡಬ್ಬಿ, ಕಡ್ಡಿ, ಯಾವ ಚೀಲ ಯಾರ ಹೆಸರಿಗೆ,
ಒಂದು ಪೈಸೆ ತಾಳೆ ಆಗದಿದ್ರ ರಾತ್ರಿ ನಿದ್ದಿ ಇಲ್ಲ.

ಹಿತ್ತಲ ಕೋಳಿ ಲೆಕ್ಕಾನೂ ಅದ ಮಸಿಯಾಗ ಬರದೆ.
ಏಳು ಕೋಳಿ, ಒಂದು ಹುಂಜ.
ಬಂಡವಾಳ ಬಿಡ್ರಿ, ಅದು ಹೋದ ವರ್ಷದ ಪುಟ.
ಈ ತಿಂಗಳದ್ದು ಹಿಂಗೈತಿ:
ನುಚ್ಚು, ಮುನ್ನೂರಾ ಹತ್ತು.
ಕೊಕ್ಕರೆ ರೋಗದ ಹನಿ, ನಲವತ್ತು.
ಮುಂಗಲಿ ಹರದ ಜಾಳಿಗಿಗೆ ತಂತಿ, ಇಪ್ಪತ್ತೈದು.
ಬಂದ ತತ್ತಿ ಐವತ್ತೆರಡು.
ಒಡದದ್ದು ಎರಡು, ಕಾವಿಗಿಟ್ಟದ್ದು ನಾಕು,
ಮನ್ಯಾಗ ತಿಂದದ್ದು ಹದಿನೈದು,
ಮಾರಿದ್ದು ಮೂವತ್ತೊಂದು, ಹನ್ನೆರಡರಂಗ.
ಕೂಡಿಸಿ ಕಳದೆ.
ಲುಕ್ಸಾನು ಮೂರು ರೂಪಾಯಿ.

“ಗುತ್ತೆವ್ವಾ, ನಿನ್ನ ಕೋಳಿ ಮೂರು ರೂಪಾಯಿ ನುಂಗಿದ್ವು.”
ಒಲಿ ಮುಂದ ಕುಂತಾಕಿ ಹೊಳ್ಳಿ ನೋಡಲಿಲ್ಲ.
“ತಿಂದ ಹದಿನೈದು ಯಾವ ಬಾಜೂಕ ಬರದಿ?”
“ತಿಂದದ್ದು ತಿಂದಂಗ. ಅದಕ್ಕ ಬಾಜೂ ಇರೂದಿಲ್ಲ.”
“ಹೊಟ್ಟಿ ಇತ್ತಲ್ಲ?”

ಮುಂದಿನ ತಿಂಗಳಿಂದ ನನ್ನ ತಾಟಿನ ತತ್ತಿಗೆ ದರ ಬಂತು.
ಮನಿ ಮಂದಿಗೆ ಸೋಡಿ ಇಲ್ಲ,
ಉದ್ರಿ ಅಂತೂ ಕೇಳಬ್ಯಾಡ.
ರೊಟ್ಟಿ ಪುಗಸಟ್ಟಿ, ತತ್ತಿ ರೊಕ್ಕಕ್ಕ.
ಮಗಳು ಸಹನಾ ನಗಕೋಂತ ಚಿಲ್ಲರೆ ಎಣಿಸಿ
ಅರಿಷಿಣ ಡಬ್ಬಿಗೆ ಹಾಕತಾಳ.
ತಿಂಗಳ ಕಡೀಗೆ ಅವ್ವ ಮಗಳಿಗೆ ಲಾಭ, ನನ್ನ ಕಿಸೆ ತೂತು.
ಎರಡೂ ಖಾತೆ ಒಂದ ಸೂರಿನ ಕೆಳಗ,
ತಾಳೆ ಆತು ಅಂತ ಸಹಿ ಹಾಕಿದೆ.

ಒಬ್ಬ ಗಿರಾಕಿ ಹೆಸರು ಮಾತ್ರ ಬರಿಯೂದಿಲ್ಲ.
ನಮ್ಮ ಸಾವಕಾರ್ರು. ಹಣಿ ತುಂಬ ಇಬತ್ತಿ.
ಅವರ ಓಣ್ಯಾಗ ತತ್ತಿ ಅನ್ನೂ ಮಾತ ಇಲ್ಲ,
ಔಷಧ ಅಂತಾರ.
ವಾರಕ್ಕ ಎರಡು ಸರತಿ ಚುರುಮರಿ ಡಬ್ಬಿಯೊಳಗ
ನಾಕು ಔಷಧ ಹುಗದು ಒಯ್ತೇನಿ.
ಆ ಚುರುಮರಿನೂ ನಂದ.
ಒಮ್ಮೆ ಮೆಲ್ಲಕ ಕೇಳಿದ್ರು:
“ಮಾಲತೇಶಾ, ಒಳಗ ಭಂಡಾರ ಅಲ್ಲಪಾ, ಕುಂಕುಮ ಐತಿ.
ಏನು ತಿನಸತಿ ಅವಕ್ಕ?”
ನಾ ಕಿರ್ದಿ ನೋಡಕೋಂತ ನಿಂತೆ.

ಏನು ತಿನಸ್ಲಿ?
ಅವರದ ಅಂಗಡಿ ಕಸದಾಗ ಉದರಿದ ಮೆಣಸಿನ ಬೀಜ, ಸಿಪ್ಪಿ,
ದಿನಾ ಸಂಜಿಗೆ ಒಂದು ಕೈಚೀಲ.
ನಾವು ಮುಟ್ಟಿದ್ರ ಕಣ್ಣುರಿ, ಹಾಸಿಗ್ಯಾಗೂ ಸೀನು.
ಕೋಳಿಗೆ ಖಾರ ಅನ್ನೂದ ಗೊತ್ತಿಲ್ಲ,
ಸಕ್ಕರಿ ಹೆಕ್ಕಿದಂಗ ಹೆಕ್ಕತಾವ.
ಆ ಚೀಲಕ್ಕ ನಾ ದರ ಹಾಕಿಲ್ಲ.
ಹತ್ತೊಂಬತ್ತು ವರ್ಷದಾಗ ಅದೊಂದ.

ಇದನ್ನ ಗುತ್ತೆವ್ವನ ಮುಂದ ಹೇಳಬಾರದಿತ್ತು.
“ಹಂಗಾರ ನಂದೂ ಒಂದೈತಿ ನೀ ಬರೀದದ್ದು” ಅಂದ್ಲು.
“ನಸಕಿನ್ಯಾಗ ಗೂಡು ಬಳೀತೀನಿ.
ನಡುರಾತ್ರಿ ಬೆಕ್ಕಿನ ಸಪ್ಪಳಕ್ಕ ಎದ್ದು ಕೋಲು ಹಿಡೀತೀನಿ,
ನೀ ಗೊರಕಿ ಹೊಡೀತಿರ್ತಿ.
ಮೆಣಸಿನಕಾಯಿ ತುಂಬು ಮುರದ್ರ ಕಿಲೋಕ್ಕ ಇಷ್ಟಂತ ಕೊಡತಾರ.
ಇದಕ್ಕ ಎಷ್ಟಂತ ಹಚ್ಚತಿ?”

ಹಿತ್ತಲದಾಗ ಬೂದಿ ಬಣ್ಣದ ಕೋಳಿ
ಒಂದು ತತ್ತಿ ಇಟ್ಟು ಓಣಿಗೆಲ್ಲ ಡಂಗುರ ಹೊಡೀತಿತ್ತು.

ದಿನಕ್ಕ ಒಂದು ತಾಸು, ತಾಸಿಗೆ ಮೂವತ್ತು,
ತಿಂಗಳಿಗೆ ಒಂಬೈನೂರು.
ಹೋದ ತಿಂಗಳ ಪುಟ ತಗದು ಸೇರಿಸಿ ನೋಡಿದೆ:
ಮೂರು ಇದ್ದದ್ದು ಒಂಬೈನೂರಾ ಮೂರು ಆತು.
ಹಂಗ ಬರದ್ರ ನಾಳೆನ ಗೂಡು ಮುಚ್ಚಬೇಕು.
ಬರೀದಿದ್ರ ಅದಕ್ಕ ಏನಂತಾರೋ,
ಕೈಚೀಲಕ್ಕ ಅನ್ನೂದನ್ನ ಅಂತಿರಬೇಕು.

ಕೂಲಿ ಅಂತ ಬರದು ಮುಂದ ಜಾಗಾ ಬಿಟ್ಟೆ.
ಮಸಿ ಆರೂ ಮಟ ಕುಂತಿದ್ದೆ.
ಸಹನಾ ಬಂದು ಕೈ ಚಾಚಿದ್ಲು:
“ಅಪ್ಪಾ, ಇವತ್ತಿಂದು ಹನ್ನೆರಡು.”